ಕಾಡಿಗೆ ಹೋದ ಆರ್ಚ್‌ಬಿಷಪ್

ಮೊಜಾಂಬಿಕ್‌ನ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೆ. ಬೈರಾ ನಗರದ ಕ್ಯಾಥೊಲಿಕ್ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

1975ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಫ್ರೆಲಿಮೊ ಪಕ್ಷದ ಸರ್ಕಾರ ಚರ್ಚಿನ ಶಾಲೆ, ಆಸ್ಪತ್ರೆಗಳನ್ನೆಲ್ಲ ವಶಪಡಿಸಿಕೊಂಡಿತ್ತು. ಆ ಸಿಟ್ಟಿನಲ್ಲಿ, ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ರೆನಾಮೊ ಬಂಡುಕೋರರ ಪಕ್ಷ ಹಿಡಿಯುವುದು ಸುಲಭವಿತ್ತು. ಇವರು ಹಿಡಿಯಲಿಲ್ಲ. ಮಾತುಕತೆ ನಡೆಸಿ ಎಂದು ಬಿಷಪ್‌ಗಳು ಎರಡೂ ಕಡೆಯವರನ್ನು ಒತ್ತಾಯಿಸುತ್ತ ಬಂದರು. ಸರ್ಕಾರದ ಕಣ್ಣಿಗೆ ಅದು ಬಂಡುಕೋರರಿಗೆ ಮಾನ್ಯತೆ ಕೊಟ್ಟ ಹಾಗೆ ಕಾಣುತ್ತಿತ್ತು. 1988ರಲ್ಲಿ ಗೊನ್ಸಾಲ್ವೆಸ್ ಗೊರೊಂಗೊಸಾ ಸೀಮೆಯ ಕಾಡಿಗೇ ಹೋಗಿ ರೆನಾಮೊ ನಾಯಕ ಅಫೊನ್ಸೊ ಧ್ಲಕಾಮಾರನ್ನು ಕಂಡರು. ಇಬ್ಬರೂ ನ್ದಾವು ಜನಾಂಗದವರು, ಆ ನಂಟೂ ನೆರವಾಗಿರಬೇಕು.

ಆಮೇಲೆ ರೋಮ್. ಸಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯದ ಮನೆಯಲ್ಲಿ 1990ರ ಜುಲೈನಿಂದ ಮಾತುಕತೆ. ನಾಲ್ವರು ಮಧ್ಯಸ್ಥರಲ್ಲಿ ಇವರೊಬ್ಬರೇ ಆಫ್ರಿಕಾದವರು. ಎರಡು ವರ್ಷಕ್ಕೂ ಹೆಚ್ಚು ಕಾಲ ಎಳೆದಾಡಿ, 1992ರ ಅಕ್ಟೋಬರ್ 4ರಂದು ಒಪ್ಪಂದಕ್ಕೆ ಸಹಿ ಬಿತ್ತು. ಅಷ್ಟರಲ್ಲಿ ಯುದ್ಧಕ್ಕೂ ಬರಗಾಲಕ್ಕೂ ಸಿಕ್ಕಿ ಸತ್ತವರು ಸುಮಾರು ಹತ್ತು ಲಕ್ಷ.

ಧರ್ಮಗುರುಗಳು ರಾಜಕೀಯಕ್ಕೆ ಕೈ ಹಾಕಬಾರದು ಎಂದು ನಾನೂ ಎಷ್ಟೋ ಸಲ ವಾದಿಸಿದ್ದೇನೆ, ಅಧಿಕಾರದ ವಿಷಯದಲ್ಲಿ ಈಗಲೂ ಅದೇ ಮಾತು. ಆದರೆ ಕೊಲ್ಲುವವರಿಬ್ಬರನ್ನೂ ಒಂದೇ ಮೇಜಿಗೆ ಕರೆತರುವ ಈ ರಾಜಕೀಯಕ್ಕೆ ನನ್ನ ಪೂರ್ಣ ಗೌರವವಿದೆ.