ಯೀಸ್ಟ್ ಎಲ್ಲಿಂದ ಬಂತು?

ಕಲಬುರಗಿಯ ಹುಡುಗಿ ವೈನ್ ಮಾಡೋ ಕೆಲಸಕ್ಕೆ ಹೇಗೆ ಹೋದಳು ಅಂತ ಜನ ಕೇಳುತ್ತಾರೆ. ತೊಗರಿ ನಾಡಿಗೂ ವೈನಿಗೂ ಏನು ಸಂಬಂಧ ಅನ್ನುತ್ತಾರೆ. ನಮ್ಮ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನಿಂದಲೇ ಹೋದೆ ಎನ್ನುವುದು ನನ್ನ ಉತ್ತರ.

ಬಿ.ಎಸ್ಸಿ ಎರಡನೇ ವರ್ಷ. ಮೇಡಂ ದ್ರಾಕ್ಷಿ ಹಿಂಡಿಸಿ, ರಸವನ್ನು ಬೀಕರಿಗೆ ಹಾಕಿಸಿ, ಮೇಲೆ ಅರಿವೆ ಕಟ್ಟಿಸಿ ಇಟ್ಟಿದ್ದರು. ಬೇರೇನೂ ಹಾಕಿರಲಿಲ್ಲ. ಸ್ವಲ್ಪ ದಿನಕ್ಕೆ ನೊರೆ ಎದ್ದಿತು. ಒಂದು ಹನಿ ಸ್ಲೈಡಿಗೆ ಹಾಕಿ ನೋಡಿದರೆ ಎರಡೂ ತುದಿ ಚೂಪಾದ ಕೋಶಗಳು, ಅಂದರೆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಯೀಸ್ಟ್. "ಯೀಸ್ಟ್ ಎಲ್ಲಿಂದ ಬಂತು, ಹೇಳ್ರಿ ನೋಡೋಣ" ಅಂದರು. ನಾವು ಗಾಳಿಯಿಂದ ಅಂದೆವು. "ಅಷ್ಟ ಸುಲಭ ಇಲ್ಲ. ದಿನಾ ನೋಡ್ರಿ, ಕಂಡದ್ದಷ್ಟೇ ಬರೀರಿ" ಅಂದರು. ದಿನ ಕಳೆದಂತೆ ಚೂಪು ತುದಿಯವು ಕಡಿಮೆಯಾದವು, ದುಂಡಗಿನವು ತುಂಬಿಕೊಂಡವು.

ನ್ಯಾಚುರಲ್ ವೈನ್ ಅಂದರೆ ಬಹುಪಾಲು ಇದೇ. ಪ್ಯಾಕೆಟ್ ಯೀಸ್ಟ್ ಹಾಕುವುದಿಲ್ಲ. ದ್ರಾಕ್ಷಿಯ ಸಿಪ್ಪೆಯ ಮೇಲಿರುವ ಹ್ಯಾನ್ಸೆನಿಯಾಸ್ಪೋರಾದಂಥ ಚೂಪು ತುದಿಯ ಯೀಸ್ಟ್‌ಗಳು ಮೊದಲು ಶುರು ಮಾಡುತ್ತವೆ. ಆಲ್ಕೋಹಾಲ್ ಏರಿದಂತೆ ಅವು ಸೋಲುತ್ತವೆ. ಆಮೇಲೆ ಸ್ಯಾಕರೋಮೈಸಿಸ್ ಎಂಬ ದುಂಡಗಿನ ಯೀಸ್ಟ್ ಕೆಲಸ ಮುಗಿಸುತ್ತದೆ. ಅದು ಸಿಪ್ಪೆಯ ಮೇಲೆ ತೀರಾ ಅಪರೂಪ, ಹೆಚ್ಚಾಗಿ ವೈನರಿಯ ಗೋಡೆ, ಪೈಪು, ಪೀಪಾಯಿಗಳಲ್ಲಿ ಮನೆ ಮಾಡಿರುತ್ತದೆ. ಮೇಡಂ ಕೇಳಿದ ಪ್ರಶ್ನೆಗೆ ನನಗೆ ಪೂರ್ತಿ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ.

ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಮೈಕ್ರೋಬಯಾಲಜಿ ಓದಿದೆ. ನಾಸಿಕ್ ಕಡೆ ಒಂದು ವೈನರಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ದೊಡ್ಡ ಮಾತೇ ಆಯಿತು. "ಶರಣಬಸವೇಶ್ವರರ ಊರಿನವರು ನಾವು, ಸೆರೆ ಮಾಡೋ ಕೆಲಸಾನಾ?" ಎಂದು ಅವ್ವ ಅತ್ತಳು. ಅವಳ ಅಳುಕು ನನಗೆ ಅರ್ಥವಾಗುತ್ತಿತ್ತು. ಕುಡಿತದಿಂದ ಹಾಳಾದ ಮನೆಗಳನ್ನು ಅವಳು ನೋಡಿದ್ದಳು. ಅಪ್ಪ ಮಾತ್ರ "ಹೋಗಿ ನೋಡು, ಬ್ಯಾಡಂದ್ರ ಬಾ" ಅಂದರು. ವೈನರಿಯಲ್ಲಿ "ಹೆಣ್ಣುಮಕ್ಕಳಿಗೆ ಲ್ಯಾಬ್ ಸಾಕು, ಟ್ಯಾಂಕ್ ಹತ್ತೋದು ಬೇಡ" ಎಂದು ಮೇಲಿನವರು ತಡೆದರು. ಬಹಳ ಬೇಜಾರಾಯಿತು. ವೈನ್ ಟ್ಯಾಂಕಿನಲ್ಲೇ ಆಗುತ್ತದೆ, ಅಲ್ವಾ?

ಮುಂದೆ ಇಟಲಿಯ ಟ್ರೆಂಟಿನೋದಲ್ಲಿ ಕೊಯ್ಲಿನ ಕೆಲಸಕ್ಕೆ ಹೋದೆ. ವೈನ್ ಮಾಡುವ ಎಲಿಸಬೆಟ್ಟಾ ಫೊರಾಡೋರಿ ಅದೇ ಸೀಮೆಯವರು. ತಂದೆ ತೀರಿಕೊಂಡ ಮೇಲೆ ಚಿಕ್ಕ ವಯಸ್ಸಿನಲ್ಲೇ ಅವರು ತೋಟದ ಹೊಣೆ ಹೊತ್ತರು. ಅಲ್ಲಿನ ತೆರೊಲ್ದೆಗೊ ದ್ರಾಕ್ಷಿಗೆ ಹೆಸರು ತಂದರು, 2002ರಲ್ಲಿ ರಾಸಾಯನಿಕ ಬಿಟ್ಟು, ಚಂದ್ರನ ನಡೆ ನೋಡಿ ಬೇಸಾಯ ಮಾಡುವ ಬಯೋಡೈನಾಮಿಕ್ ಪದ್ಧತಿಗೆ ತಿರುಗಿದರು. ಫ್ರಾನ್ಸಿನ ಬರ್ಗಂಡಿಯಲ್ಲಿ ಲಲೂ ಬೀಜ್-ಲರುವಾ ಎಂಬ ವೈನ್ ತೋಟದ ಒಡತಿ ಇದನ್ನು 1988ರಲ್ಲೇ ಶುರು ಮಾಡಿದ್ದರು. ಈ ಹೆಂಗಸರು ನಡೆದ ದಾರಿ ನನಗೆ ದೊಡ್ಡ ಬಲ ಕೊಟ್ಟಿತು.

ಬಯೋಡೈನಾಮಿಕ್ ಕೃಷಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ಕೊಟ್ಟ ಉಪನ್ಯಾಸಗಳಿಂದ ಹುಟ್ಟಿದ್ದು. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲ ಪೂರ್ತಿ ಮಣ್ಣಲ್ಲಿ ಹೂತಿಡುತ್ತಾರೆ. ಇದಕ್ಕೆ 500 ಎಂದು ಹೆಸರು. ಅದರಲ್ಲಿ ಒಂದು ಹಿಡಿಯಷ್ಟನ್ನು ನೀರಲ್ಲಿ ಹಾಕಿ, ಒಂದು ತಾಸು ಸುಳಿ ಎಬ್ಬಿಸಿ ತಿರುವಿ, ನೆಲಕ್ಕೆ ಚಿಮುಕಿಸುತ್ತಾರೆ. ಇನ್ನು 501 ಎಂಬುದಕ್ಕೆ ಕೊಂಬಿನಲ್ಲಿ ಸಗಣಿಯ ಬದಲು ಬೆಣಚುಕಲ್ಲಿನ ಪುಡಿ ತುಂಬುತ್ತಾರೆ. ಚಂದ್ರನ ನಡೆ ನೋಡಿ ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ ಎಂದು ಕ್ಯಾಲೆಂಡರ್ ಹಾಕಿಕೊಟ್ಟದ್ದು ಜರ್ಮನಿಯ ಮರಿಯಾ ಥೂನ್ ಎಂಬ ಹೆಣ್ಣುಮಗಳು.

ನಾನು ವಿಜ್ಞಾನ ಓದಿದವಳು. ಕೊಂಬಿಗೆ, ಚಂದ್ರನಿಗೆ ಗಟ್ಟಿ ಪುರಾವೆ ಇಲ್ಲ ಎಂದೇ ಹೇಳುತ್ತೇನೆ. ಆದರೆ ಆ ತೋಟಗಳಲ್ಲಿ ರಾಸಾಯನಿಕ ಗೊಬ್ಬರ ಇಲ್ಲ, ಕಳೆನಾಶಕ ಇಲ್ಲ, ಕಾಂಪೋಸ್ಟ್ ಇದೆ. ಮುಖ್ಯವಾಗಿ ರೈತ ದಿನಾ ಸಾಲಿನಲ್ಲಿ ಓಡಾಡುತ್ತಾನೆ. ರೋಗ ಬರುವ ಮೊದಲೇ ಎಲೆ ನೋಡಿ ಹೇಳುತ್ತಾನೆ. ಮೇಡಂ ಹೇಳಿದ "ದಿನಾ ನೋಡ್ರಿ" ಅಲ್ಲಿ ನಡೆಯುತ್ತಿತ್ತು.

ಈಗ ಆಳಂದ ಕಡೆಯ ಒಬ್ಬ ರೈತರ ಜೊತೆ ಶಿರಾಜ್ ದ್ರಾಕ್ಷಿಯ ಕೆಲಸ ಮಾಡುತ್ತಿದ್ದೇನೆ. ಯುರೋಪಿನ ಪಾಠ ಇಲ್ಲಿ ಹಾಗೇ ನಡೆಯುವುದಿಲ್ಲ. ಅಲ್ಲಿ ಬಳ್ಳಿ ಚಳಿಗೆ ನಿದ್ದೆ ಹೋಗುತ್ತದೆ. ನಮ್ಮಲ್ಲಿ ನಿದ್ದೆಯೇ ಇಲ್ಲ. ಅದಕ್ಕೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಕತ್ತರಿಸಬೇಕು. ಬಿಸಿಲು ಏರಿದರೆ ಹಣ್ಣಿನಲ್ಲಿ ಸಕ್ಕರೆ ಜಾಸ್ತಿಯಾಗುತ್ತದೆ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಇಳಿಯುತ್ತದೆ, ಪಿಎಚ್ ಮೇಲೆ ಹೋಗುತ್ತದೆ (ಪಿಎಚ್ ಏರಿದಷ್ಟೂ ಹುಳಿ ಕಡಿಮೆ). ಪಿಎಚ್ 3.8ರ ಹತ್ತಿರ ಬಂದರೆ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ವೈನ್ ಕೆಡದಂತೆ ಹಾಕುವ ಸಲ್ಫೈಟ್ ಹಾಕಿದರೂ ಅಲ್ಲಿ ಅದರ ಬಲ ಕಡಿಮೆ. ಹಾಕದೇ ಇದ್ದರಂತೂ ಇನ್ನೂ ಕಷ್ಟ. ಆದ್ದರಿಂದ ಹುಳಿ ಇರುವಾಗಲೇ ಕೊಯ್ಯಬೇಕು, ನಸುಕಿನಲ್ಲೇ ಕೊಯ್ಯಬೇಕು, ರಸ 30 ಡಿಗ್ರಿ ದಾಟದಂತೆ ಕಾಯಬೇಕು. "ನ್ಯಾಚುರಲ್ ಅಂದ್ರೆ ಸುಮ್ನೆ ಬಿಟ್ಟುಬಿಡೋದು" ಎನ್ನುವವರಿಗೆ ಈ ಕೆಲಸ ಗೊತ್ತಿಲ್ಲ. ಏನೂ ಹಾಕುವುದಿಲ್ಲ ಎಂದ ಮೇಲೆ ಹುಳಿ ಅಳೆಯುವ ಟೈಟ್ರೇಶನ್, ಮೈಕ್ರೋಸ್ಕೋಪು, ತೊಳೆಯುವ ಕೆಲಸ ಎಲ್ಲವೂ ದುಪ್ಪಟ್ಟು.

ಮೇಡಂ ಈಗ ನಿವೃತ್ತರು. ಅವರು ವೈನ್ ಕುಡಿಯುವುದಿಲ್ಲ. ಆದರೆ ಕಳೆದ ಕೊಯ್ಲಿಗೆ ತೋಟಕ್ಕೆ ಬಂದು ನನ್ನ ನೋಟ್‌ಬುಕ್ ಪೂರ್ತಿ ಓದಿದರು, ಎರಡು ಕಡೆ ತಾಪಮಾನ ಬರೆದಿಲ್ಲ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು.

ಈಗ ಓದುತ್ತಿರುವ ಹುಡುಗಿಯರಿಗೆ ಒಂದು ವಿಷಯ. ನಮ್ಮಲ್ಲಿ ಕೊಯ್ಲು ಫೆಬ್ರವರಿ, ಮಾರ್ಚಿನಲ್ಲಿ. ಆಗ ಲ್ಯಾಬಿಗೂ ಟ್ಯಾಂಕಿಗೂ ಕೈ ಬೇಕು. ಬರುವ ಮನಸ್ಸಿದ್ದವರು ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಹೆಸರು ಕೊಡಿ. ಊಟ, ಉಳಿಯುವ ವ್ಯವಸ್ಥೆ ನಮ್ಮದು. ಮನೆಯಲ್ಲಿ ಬೇಡ ಅಂದರೆ ಹೇಳಿ, ನಾನೇ ಬಂದು ಮಾತಾಡುತ್ತೇನೆ.