ಅಲ್ಲಾಡ್ತದಲ್ಲ ತಮ್ಮಾ

ನವೆಂಬರ್ 22, 2025, ಶನಿವಾರ
ಶಿವಮೊಗ್ಗ

ಡಿಪ್ಲೊಮಾ ಕೊನೆ ವರ್ಷದ ಮೆಕ್ಯಾನಿಕಲ್ ಮಕ್ಕಳನ್ನು ಇವತ್ತು ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಗೆ ಕರೆದುಕೊಂಡು ಹೋಗಿದ್ದೆ. ಅಡಿಕೆ ಸುಲಿಯುವವರು ಕುರ್ಚಿಯಲ್ಲಿ ಕೂತು ಕೆಲಸ ಮಾಡಲಿ ಎಂದು ಈ ಮಕ್ಕಳು ಪ್ರಾಜೆಕ್ಟಿಗೆ ಕತ್ತಿಯನ್ನು ಎತ್ತರದಲ್ಲಿ ಕೂರಿಸುವ ಒಂದು ಸ್ಟ್ಯಾಂಡ್ ಮಾಡಿದ್ದಾರೆ. ನೆಲದಲ್ಲಿ ಗಂಟೆಗಟ್ಟಲೆ ಬಗ್ಗಿ ಕೂತರೆ ಸೊಂಟ ಹೋಗುತ್ತದೆ ಅನ್ನುವುದು ಅವರ ವಾದ. ವಾದವೇನೋ ಸರಿಯೇ.

ಹಸಿ ಅಡಿಕೆ ಕೊಯ್ದ ಮೇಲೆ ಇಡುವ ಹಾಗಿಲ್ಲ, ಬೇಗ ಸುಲಿದು ಬೇಯಿಸಬೇಕು. ಯಂತ್ರ ಬಂದಿದ್ದರೂ ಆ ಮನೆಯಲ್ಲಿ ಇನ್ನೂ ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಸುಲಿಯುವ ಮೆಟ್ಟುಗತ್ತಿಯೇ. ಸುಲಿಯುತ್ತಿದ್ದ ಅಕ್ಕ ಸ್ಟ್ಯಾಂಡಿನಲ್ಲಿ ನಾಲ್ಕಾರು ಕಾಯಿ ಸುಲಿದು, "ಅಲ್ಲಾಡ್ತದಲ್ಲ ತಮ್ಮಾ" ಎಂದರು. ಎದ್ದು ತಮ್ಮ ಜಾಗಕ್ಕೇ ಹೋಗಿ ಕೂತರು. "ನಮ್ ಕೂಲಿ ಸುಲಿದ ಡಬ್ಬದ ಲೆಕ್ಕ. ನಿಧಾನ ಆದ್ರೆ ದುಡ್ಡು ಹೋಗೋದು ನಮ್ದೇ."

ಕಂಪ್ಯೂಟರಿನಲ್ಲಿ ಅಲ್ಲಾಡಿರಲಿಲ್ಲ, ಅಲ್ವಾ! ಹುಡುಗರು ಸಪ್ಪಗಾದರು. ಒಬ್ಬಳು ಮಾತ್ರ ಅಲ್ಲೇ ನೆಲದಲ್ಲಿ ಕೂತು ಅಕ್ಕನ ಕಾಲನ್ನೇ ನೋಡತೊಡಗಿದಳು. ಮೆಟ್ಟುಗತ್ತಿಯ ಮಣೆಯನ್ನು ಅಲುಗದಂತೆ ಹಿಡಿಯುವುದು ಕಾಲಿನ ಭಾರ. ಕತ್ತಿಯನ್ನು ಮೇಲಕ್ಕೇರಿಸಿದಾಗ ಆ ಭಾರವೇ ತಪ್ಪಿಹೋಗಿತ್ತು. "ಸರ್, ಬುಡದಲ್ಲಿ ಒಂದು ಪ್ಲೇಟ್ ಕೊಡೋಣ. ಅದನ್ನ ಮೆಟ್ಕೊಂಡೇ ಕೂರ್ಲಿ" ಎಂದಳು. ಆಮೇಲೆ ಟೇಪ್ ಹಿಡಿದು, ಅಕ್ಕನನ್ನು ಕೇಳಿಯೇ, ಮೊಣಕೈ ಎತ್ತರ ಅಳೆದುಕೊಂಡಳು. ಈ ಅಳತೆ ಮೊದಲ ಡ್ರಾಯಿಂಗಿನಲ್ಲಿ ಎಲ್ಲಿಂದ ಬಂದಿತ್ತೋ!

ಮಧ್ಯಾಹ್ನ ಶಿವಮೊಗ್ಗಕ್ಕೆ ಬಂದು ವೆಲ್ಡಿಂಗ್ ಶಾಪಿಗೆ ಹೋದೆವು. ಕ್ಲಾಸಿಗೇ ಮೊದಲಿಗನಾದವನು ಡ್ರಾಯಿಂಗ್ ಚಾಚಿದ. ಅಂಗಡಿಯವರು ಅದನ್ನು ನೋಡದೆ, "ಪೈಪು ಎಷ್ಟು ಗೇಜು?" ಎಂದರು. ಹಾಳೆಯಲ್ಲಿ ಪೈಪಿನ ತಗಡಿನ ದಪ್ಪ ಎಂದು ಇದ್ದದ್ದು 1.6 ಮಿ.ಮೀ. ಅದೇ 16 ಗೇಜು ಎಂದು ಅವನಿಗೆ ಹೊಳೆಯಲಿಲ್ಲ. ಇನ್ನೂ ಎರಡು ಸಬ್ಜೆಕ್ಟ್ ಬಾಕಿ ಇಟ್ಟುಕೊಂಡಿರುವ ಇನ್ನೊಬ್ಬ ಚಾಕ್‌ಪೀಸ್ ಇಸ್ಕೊಂಡು ನೆಲದ ಮೇಲೇ ಬರೆದು ತೋರಿಸಿದ. ರೇಟು ಮಾತಾಡಿದ. "ಬುಧವಾರ ಕೊಟ್ಬಿಡಿ ಅಣ್ಣಾ, ಪರೀಕ್ಷೆ ಹತ್ರ ಬಂತು" ಎಂದು ದಿನವನ್ನೂ ಗೊತ್ತು ಮಾಡಿಕೊಂಡ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಬೇಕಾಗುವುದು ಇದೇ. ನಾವೋ ರಿಪೋರ್ಟಿನ ಬೈಂಡಿಂಗ್ ನೋಡಿ ಮಾರ್ಕ್ಸ್ ಕೊಡುತ್ತೇವೆ. ಈ ಸಲ ನನ್ನ ಕೈಯಲ್ಲಿರುವ ಮಾರ್ಕ್ಸನ್ನಾದರೂ ಬೇರೆ ಥರ ಹಂಚಬೇಕು. ಯಾರ ಜೊತೆ ಏನು ಮಾತಾಡಿದರು, ಅದರಿಂದ ಡ್ರಾಯಿಂಗಿನಲ್ಲಿ ಏನು ಬದಲಾಯಿತು, ಎಷ್ಟು ಖರ್ಚಾಯಿತು, ಎಲ್ಲವನ್ನೂ ತಾರೀಕು ಹಾಕಿ ಬರೆದಿಡಲು ಹೇಳಿದ್ದೇನೆ. ಮೊದಲಿಗನ ಮುಖ ಸ್ವಲ್ಪ ದಪ್ಪಗಾಗಿದೆ. ಇರಲಿ. ಬುಧವಾರ ಅಂಗಡಿಗೆ ಹೋಗಿ ಸ್ಟ್ಯಾಂಡ್ ತರುವುದು ಅವನ ಕೆಲಸ.