ನೀಲಿ ಹಸಿರು ನೀರಿನ ಜೊತೆಗೆ ಇಪ್ಪತ್ತಾರು ಕಿಲೋಮೀಟರ್

ನಮ್ಮ ಕೊಡಗಿನಲ್ಲಿ ಚಾರಣವೆಂದರೆ ಮೊದಲು ಹತ್ತುವುದು, ಆಮೇಲೆ ಇಳಿಯುವುದು. ಕಕ್ಕಬ್ಬೆಯ ಕಡೆಯಿಂದ ತಡಿಯಂಡಮೋಳಿಗೆ ಹೊರಟವರಿಗೆ ಕಷ್ಟವೆಲ್ಲ ಬೆಳಗಿನ ಪಾಲಿಗೇ ಬಂದುಬಿಡುತ್ತದೆ. 1,748 ಮೀಟರ್ ಎತ್ತರದ ನೆತ್ತಿಯನ್ನು ಮುಟ್ಟಿದ ಮೇಲೆ ಮಂಡಿ ನೋಯಬಹುದು, ಆದರೆ ಮನೆಗೆ ಮರಳುವ ದಾರಿ ಇಳಿಜಾರೇ. ಕಮರಿಯ ನಡಿಗೆ ಇದಕ್ಕೆ ತಿರುಗುಮುರುಗು. ಅಲ್ಲಿ ಹೊಸ ಕಸುವಿರುವಾಗ ಇಳಿಯುತ್ತೇವೆ, ಕಸುವು ತೀರಿದ ಮೇಲೆ ಹತ್ತುತ್ತೇವೆ. ಅಮೆರಿಕದ ಅರಿಜೋನಾ ರಾಜ್ಯದ ಹವಾಸು ಕಮರಿಯಲ್ಲಿ ಕಳೆದ ಏಪ್ರಿಲ್‌ನಲ್ಲಿ ನಡೆದ ಒಂದು ದಿನದ ಬಗ್ಗೆ ಬರೆಯಹೊರಟಾಗ ನನಗೆ ಮೊದಲು ನೆನಪಾಗುವುದು ಈ ವ್ಯತ್ಯಾಸವೇ, ಏಕೆಂದರೆ ಆ ದಿನದ ಪ್ರತಿಯೊಂದು ತೀರ್ಮಾನವನ್ನೂ ನಾವು ಸಂಜೆಯ ಏರಿಕೆಯನ್ನು ಎದುರಿಗಿಟ್ಟುಕೊಂಡೇ ಮಾಡಬೇಕಾಯಿತು.

ಫೀನಿಕ್ಸ್‌ನಲ್ಲಿರುವ ಅಕ್ಕನ ಮಗ ಎರಡು ವರ್ಷಗಳಿಂದ ಕರೆಯುತ್ತಿದ್ದ. ಈ ಕಣಿವೆ ಹವಾಸುಪೈ ಎಂಬ ಮೂಲನಿವಾಸಿ ಬುಡಕಟ್ಟಿನವರದು. ಅವರ ಅನುಮತಿಯಿಲ್ಲದೆ ಯಾರೂ ಕೆಳಗಿಳಿಯುವಂತಿಲ್ಲ, ಬೆಳಿಗ್ಗೆ ಮೇಲಿನಿಂದ ಇಳಿದು ಸಂಜೆಗೆ ಮರಳುವ ಪ್ರವಾಸಕ್ಕೆ ಅವರು ಅವಕಾಶ ಕೊಡುವುದೂ ಇಲ್ಲ. ಶಿಬಿರದಲ್ಲಿ ಮೂರು ರಾತ್ರಿ ತಂಗುವ ಅನುಮತಿ ಪಡೆದು, ಅಲ್ಲಿಂದ ಒಂದು ದಿನ ಕೊಲೊರಾಡೊ ನದಿಯವರೆಗೆ ನಡೆದು ಹಿಂದಿರುಗುವುದು ನಮ್ಮ ಯೋಜನೆಯಾಗಿತ್ತು. ಹೋಗಿ ಬರುವ ದೂರ ಸುಮಾರು 26 ಕಿಲೋಮೀಟರ್. ಐವತ್ತೆರಡರ ವಯಸ್ಸಿನಲ್ಲಿ ಇದಕ್ಕೆ ಸಿದ್ಧತೆ ಬೇಕೆಂದು ನನಗೆ ಗೊತ್ತಿತ್ತು. ಪುತ್ತರಿ ಮುಗಿದ ಮೇಲೆ ಪ್ರತಿ ಭಾನುವಾರ ಮಾಂದಲಪಟ್ಟಿಯ ದಾರಿಯಲ್ಲಿ ನಡೆದೆ, ಬೆನ್ನಿಗೆ ನಾಲ್ಕು ಲೀಟರ್ ನೀರು ಹೊತ್ತು ತಡಿಯಂಡಮೋಳನ್ನು ಎರಡು ಸಲ ಹತ್ತಿದೆ. ಹತ್ತಿದ್ದಕ್ಕಿಂತ ಹೆಚ್ಚು ಪ್ರಯೋಜನವಾದದ್ದು ಆ ಭಾರ ಹೊತ್ತು ಇಳಿದದ್ದೇ.

ಹುವಾಲಪೈ ಹಿಲ್‌ಟಾಪ್ ಎಂಬ ಅಂಚಿನಿಂದ ಸುಪೈ ಹಳ್ಳಿಗೆ 13 ಕಿಲೋಮೀಟರ್, ಅಲ್ಲಿಂದ ಶಿಬಿರಕ್ಕೆ ಇನ್ನು ಮೂರು. ಈ ಮೊದಲ ದಿನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಕೆಂಪು ಬಂಡೆ, ಜಲ್ಲಿ, ಧೂಳು, ಎದುರಿಗೆ ಬರುವ ಹೇಸರಗತ್ತೆಗಳಿಗೆ ದಾರಿ ಬಿಟ್ಟು ಗೋಡೆಯ ಬದಿಗೆ ಸರಿದು ನಿಲ್ಲುವುದು. ಈ ಹಳ್ಳಿಗೆ ರಸ್ತೆಯಿಲ್ಲ, ಅಂಚೆ ಇಂದಿಗೂ ಹೇಸರಗತ್ತೆಗಳ ಬೆನ್ನ ಮೇಲೇ ಬರುತ್ತದೆ. ಆದರೆ ಹಳ್ಳಿಗೆ ಸ್ವಲ್ಪ ಮೊದಲು ನಡೆದ ಒಂದು ಸಂಗತಿಯನ್ನು ಬಿಡಲಾರೆ. ಮೂರು ಗಂಟೆಗೂ ಹೆಚ್ಚು ಕಾಲ ಒಂದು ತೊಟ್ಟು ನೀರನ್ನೂ ಕಾಣದೆ ಒಣಗಿದ ಹಳ್ಳದಲ್ಲಿ ನಡೆಯುತ್ತಿದ್ದ ನಮಗೆ ಇದ್ದಕ್ಕಿದ್ದಂತೆ ಕಾಟನ್‌ವುಡ್ ಮರಗಳ ಹಸಿರು ಕಂಡಿತು, ಅದರ ಹಿಂದೆಯೇ ಹೊಳೆಯ ಸದ್ದು ಕೇಳಿಸಿತು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಲ್ಲಿ 250 ಮಿಲಿಮೀಟರ್ ಕೂಡ ಬೀಳುವುದಿಲ್ಲ. ಆದರೂ ನಮ್ಮ ತೋಟದ ಹಿಂದಿನ ತೋಡು ಮಾರ್ಚ್ ಕಳೆಯುವಷ್ಟರಲ್ಲಿ ಬತ್ತಿದರೆ, ಈ ಹೊಳೆ ವರ್ಷದ ಹನ್ನೆರಡು ತಿಂಗಳೂ ಒಂದೇ ಸಮನೆ, ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ ಹರಿಯುತ್ತದೆ. ಮೇಲಿನ ಪ್ರಸ್ಥಭೂಮಿಯಲ್ಲಿ ಎಂದೋ ಬಿದ್ದ ಮಳೆ ಮತ್ತು ಹಿಮದ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ನಿಧಾನವಾಗಿ ಕೆಳಗಿಳಿದು, ಹಳ್ಳಿಯ ಮೇಲ್ಭಾಗದಲ್ಲಿ ಬುಗ್ಗೆಗಳಾಗಿ ಹೊರಬರುತ್ತದೆ. ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯ ಎದುರು ಕೈಮುಗಿದು ನಿಂತವಳು ನಾನು. ನೆಲದೊಳಗಿನಿಂದ ನೀರು ಬರುವುದನ್ನು ಕಂಡಾಗ ಆಗುವ ಭಾವವೇ ಅಲ್ಲೂ ಆಯಿತು, ಚಪ್ಪಲಿ ಕಳಚಬೇಕೆನ್ನಿಸಿತು. ಹವಾಸುಪೈ ಎಂದರೆ ನೀಲಿ ಹಸಿರು ನೀರಿನ ಜನ. ನದಿಯನ್ನು ತಾಯಿಯೆಂದು ಕರೆಯುವ ನಾಡಿನಿಂದ ಹೋದವಳಿಗೆ ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಮೊದಲೇ ಶಿಬಿರ ಬಿಟ್ಟೆವು. ಇನ್ನೂ ಬೇಗ ಹೊರಡೋಣವೆಂದು ನಾನು ಹೇಳಿದ್ದೆ. "ಕತ್ತಲಲ್ಲಿ ಮೂನಿ ಇಳಿಯುವುದು ಬೇಡ ಚಿಕ್ಕಮ್ಮ, ಕಾಲಿಡುವ ಜಾಗ ಕಣ್ಣಿಗೆ ಕಾಣಬೇಕು" ಎಂದು ಅವನು ತಡೆದ. ಅವನ ಮಾತು ಸರಿಯಾಗಿತ್ತು. ಮೂನಿ ಜಲಪಾತದ ಎತ್ತರ ಸುಮಾರು 60 ಮೀಟರ್. 1880ರ ದಶಕದಲ್ಲಿ ಇಲ್ಲಿ ಹಗ್ಗ ಕಟ್ಟಿ ಇಳಿಯಲು ಹೋಗಿ ಬಿದ್ದು ಸತ್ತ ಗಣಿಗಾರನೊಬ್ಬನ ಹೆಸರೇ ಇದಕ್ಕೆ ಉಳಿದಿದೆ. ಮುಂದೆ ಗಣಿಗಾರರು ಬಂಡೆಯನ್ನು ಕೊರೆದು ಎರಡು ಕಿರು ಸುರಂಗ ಮಾಡಿದರು. ಈಗಲೂ ದಾರಿಯೆಂದರೆ ಆ ಸುರಂಗಗಳೇ. ಅವುಗಳಿಂದ ಹೊರಬಂದ ಮೇಲೆ ಮುಖವನ್ನು ಬಂಡೆಯ ಕಡೆಗೆ ತಿರುಗಿಸಿ, ಬಂಡೆಗೆ ಬಡಿದ ಕಬ್ಬಿಣದ ಗೂಟಗಳನ್ನೂ ಸರಪಳಿಗಳನ್ನೂ ಹಿಡಿದು ಇಳಿಯಬೇಕು. ಕೊನೆಗೆ ಮರದ ಏಣಿಗಳು. ಜಲಪಾತದ ತುಂತುರು ಹಗಲಿರುಳೂ ಬೀಳುವುದರಿಂದ ಸರಪಳಿ, ಏಣಿ, ಕಲ್ಲು ಎಲ್ಲವೂ ಒದ್ದೆ.

ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸನ್ನು ಕೊಯ್ಯುವುದು ಒಂಟಿ ಬಿದಿರಿನ ಏಣಿಯ ಮೇಲೆ ನಿಂತು. ಬಾಲ್ಯದಲ್ಲಿ ನಾನು ಹಟ ಮಾಡಿ ಅದನ್ನು ಹತ್ತಿದಾಗ ಅಪ್ಪ ಒಂದೇ ಒಂದು ಮಾತು ಕಲಿಸಿದ್ದರು: ಎರಡು ಕೈ, ಎರಡು ಕಾಲುಗಳಲ್ಲಿ ಒಂದನ್ನು ಮಾತ್ರ ಸರಿಸಬೇಕು, ಉಳಿದ ಮೂರು ಗಟ್ಟಿಯಾಗಿರಬೇಕು. ಮೂನಿಯ ಸರಪಳಿಯ ಮೇಲೆ ನಾನು ಅದನ್ನು ಜಪದಂತೆ ಹೇಳಿಕೊಂಡೆ. ರಬ್ಬರಿನ ಲೇಪವಿರುವ ಕೈಗವಸು ತಂದದ್ದು ಒಳ್ಳೆಯದಾಯಿತು. ಕೆಳಗೆ ತಲುಪಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನೀರಿನ ಅಬ್ಬರದ ಹೊರತು ಬೇರೇನೂ ಕೇಳಿಸಲಿಲ್ಲ. ಕೆಳಗೆ ನಿಂತು ತಲೆಯೆತ್ತಿ ನೋಡಿದಾಗ ಕಂಡದ್ದನ್ನು ನಾನು ಈವರೆಗೆ ಕಂಡ ಯಾವ ಅಬ್ಬಿಯ ಜೊತೆಗೂ ಹೋಲಿಸಲಾರೆ. ಇರ್ಪು, ಮಲ್ಲಳ್ಳಿ, ಚೇಲಾವರಗಳಲ್ಲಿ ನೀರು ಕರಿಕಲ್ಲಿನ ಮೇಲಿಂದ, ಕಾಡಿನ ನಡುವೆ ಬೀಳುತ್ತದೆ. ಇಲ್ಲಿ ಬಂಡೆಯೇ ನೀರಿನ ಹಾಗೆ ತೂಗುತ್ತಿತ್ತು: ಮಡಿಕೆ ಮಡಿಕೆಯಾದ ಕಂದು ಪರದೆಗಳು, ಜೋತುಬಿದ್ದ ಕಲ್ಲಿನ ಝಾಲರಿಗಳು.

ಇದಕ್ಕೆ ಕಾರಣ ನೀರಿನಲ್ಲಿ ಕರಗಿರುವ ಸುಣ್ಣ. ನೆಲದೊಳಗೆ ಇಂಗಾಲದ ಡೈಆಕ್ಸೈಡ್ ಬೆರೆತ ನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಹೊರಗೆ ಬಂದು ಗಾಳಿಗೆ ತೆರೆದುಕೊಂಡಾಗ, ಅದರಲ್ಲೂ ಧುಮುಕಿ ಚದುರಿದಾಗ, ಆ ಅನಿಲ ಹೊರಟುಹೋಗಿ ಸುಣ್ಣ ಕಲ್ಲಾಗಿ ಕೂರುತ್ತದೆ. ಎಲೆ, ಬೇರು, ಬಿದ್ದ ಮರದ ದಿಮ್ಮಿ, ಸಿಕ್ಕಿದ್ದರ ಮೇಲೆಲ್ಲ ಟ್ರಾವರ್ಟೈನ್ ಎಂಬ ಈ ಕಲ್ಲಿನ ಪದರ ಬೆಳೆಯುತ್ತದೆ. ಹೊಳೆಗೆ ಅಡ್ಡಲಾಗಿ ಅದು ತಾನೇ ಕಟ್ಟೆಗಳನ್ನು ಕಟ್ಟುತ್ತದೆ, ಕಟ್ಟೆಗಳ ಹಿಂದೆ ಮಡುಗಳಾಗುತ್ತವೆ. ನೀರಿನ ಬಣ್ಣವೂ ಸುಣ್ಣದ್ದೇ ಕೊಡುಗೆ: ತಳದ ಬಿಳುಪು ಮತ್ತು ನೀರಿನಲ್ಲಿ ತೇಲುವ ಅತಿಸಣ್ಣ ಕಣಗಳು ಬೆಳಕನ್ನು ಚದುರಿಸಿ ಆ ನೀಲಿ ಹಸಿರನ್ನು ತೋರಿಸುತ್ತವೆ. ಬೀವರ್ ಜಲಪಾತದಲ್ಲಿ ಈ ಕಟ್ಟೆಗಳು ಗದ್ದೆಯ ಏರಿಗಳಂತೆ ಒಂದರ ಕೆಳಗೊಂದು ಇಳಿಯುತ್ತವೆ. ಬೆಟ್ಟದ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ನಮ್ಮ ಗದ್ದೆಗಳಿಗೆ ಜೂನ್‌ನಲ್ಲಿ ನೀರು ಕಟ್ಟಿದಾಗ ಕಾಣುವ ನೋಟವನ್ನು ಬಲ್ಲವರಿಗೆ ಅದರ ಆಕಾರ ಕೂಡಲೇ ಕಣ್ಣಿಗೆ ಕಟ್ಟುತ್ತದೆ. ಬಣ್ಣವನ್ನು ಮಾತ್ರ ನೋಡಿಯೇ ನಂಬಬೇಕು.

ಬೀವರ್‌ಗೆ ಬರುವವರಲ್ಲಿ ಹೆಚ್ಚಿನವರು ಅಲ್ಲಿಯೇ ಈಜಿ ಹಿಂದಿರುಗುತ್ತಾರೆ. ನಾವು ಅಲ್ಲಿ ಇಪ್ಪತ್ತು ನಿಮಿಷ ಮಾತ್ರ ಕುಳಿತು, ಅವಲಕ್ಕಿಗೆ ಬೆಲ್ಲ ಮತ್ತು ಕೊಬ್ಬರಿ ಬೆರೆಸಿ ತಿಂದು ಮುಂದೆ ನಡೆದೆವು. ಅಲ್ಲಿಂದಾಚೆಗೆ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಗಡಿ, ಜನರ ಸದ್ದಿಲ್ಲ. ಎದೆಮಟ್ಟ ಬೆಳೆದ ಕಾಡುದ್ರಾಕ್ಷಿಯ ಬಳ್ಳಿಗಳ ನಡುವೆ ಜಾಡು ಹುದುಗಿಹೋಗುತ್ತದೆ, ಮತ್ತೆ ಮತ್ತೆ ಹೊಳೆ ದಾಟಬೇಕು. ಒಂದು ಕಡೆ ತೊಡೆಮಟ್ಟದ ನೀರಿನಲ್ಲಿ ಸುಣ್ಣಗಲ್ಲಿನ ಅಂಚು ನನ್ನ ಕಾಲಡಿ ಮುರಿದು ವಾಲಿದೆ. ಊರುಗೋಲು ಕೈತಪ್ಪಿ ತೇಲಿಹೋಯಿತು. ಹನ್ನೊಂದರ ಹೊತ್ತಿಗೆ ನೆರಳು ಗೋಡೆಯ ಬುಡಕ್ಕೆ ಸರಿದಿತ್ತು. ಆ ಬಿಸಿಲಿನಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಬಂದ ಕ್ಷಣಕ್ಕೆ ಆರಿಹೋಗಿ ಅಂಗಿಯ ಮೇಲೆ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ನಮ್ಮೂರಿನ ಮಳೆಗಾಡಿನಲ್ಲಿ ನಡೆದವರಿಗೆ ಇದು ನಿಜವಾದ ಅಪಾಯ, ಏಕೆಂದರೆ ಒದ್ದೆಯಾದ ಅಂಗಿಯಿಂದ ದಣಿವನ್ನು ಅಳೆಯುವುದು ನಮಗೆ ರೂಢಿ. ಬಾಯಾರದಿದ್ದರೂ ಅರ್ಧ ಗಂಟೆಗೊಮ್ಮೆ ಓಆರ್‌ಎಸ್ ಬೆರೆಸಿದ ನೀರು ಕುಡಿಯಬೇಕೆಂದು ನಿಯಮ ಮಾಡಿಕೊಂಡಿದ್ದೆವು. ಇನ್ನೊಂದು ನಿಯಮ ಹೆಚ್ಚು ಕಟ್ಟುನಿಟ್ಟಿನದು: ಒಂದು ಗಂಟೆಯಾದಾಗ ಎಲ್ಲಿದ್ದರೂ ಹಿಂದಿರುಗುವುದು.

ಹನ್ನೆರಡೂವರೆಗೆ ಕಮರಿ ಕಿರಿದಾಯಿತು, ಗೋಡೆಗಳು ಹತ್ತಿರ ಬಂದವು, ನೀರು ಅವುಗಳ ನಡುವೆ ತೆಪ್ಪಗೆ ಹರಿಯಿತು. ತಿರುವಿನಾಚೆ ಕೊಲೊರಾಡೊ. ನಾವು ಹೋದ ದಿನ ಅದು ಕಂದಾಗಿತ್ತು, ಮಳೆಗಾಲದ ಹಾರಂಗಿಯಂತೆ. ನೀಲಿ ಹಸಿರು ಹೊಳೆ ಅದರ ಅಂಚನ್ನು ಮುಟ್ಟಿ, ಸ್ವಲ್ಪ ದೂರ ತನ್ನದೇ ಪಟ್ಟಿಯಾಗಿ ಬದಿಯಲ್ಲಿ ನಡೆದು, ಆಮೇಲೆ ಕಾಣದಾಯಿತು. ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಕೂಡುವುದನ್ನು ನೂರು ಸಲ ನೋಡಿದ್ದೇನೆ, ಆದರೆ ಎರಡು ನೀರುಗಳ ನಡುವಿನ ಗೆರೆಯನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಹಿಂದಿರುಗುವ ದಾರಿ ಉದ್ದಕ್ಕೂ ಹೊಳೆಗೆ ಎದುರಾಗಿ, ಸಣ್ಣ ಏರಿನಲ್ಲಿ. ನನ್ನ ಎಡಮಂಡಿ ಬೀವರ್‌ನ ಮೊದಲೇ ಹಟ ಹಿಡಿಯಿತು. ನಡುನಡುವೆ ಅಕ್ಕನ ಮಗ ಆಕಾಶ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ. ನಮ್ಮ ತಲೆಯ ಮೇಲೆ ಮೋಡವಿಲ್ಲದಿದ್ದರೂ ದೂರದ ಪ್ರಸ್ಥಭೂಮಿಯಲ್ಲಿ ಬಿದ್ದ ಮಳೆ ಬರಿಯ ಬಂಡೆಯ ಮೇಲೆ ಜಾರಿ ಈ ಕಮರಿಗೆ ನುಗ್ಗಬಲ್ಲದು. 2024ರ ಆಗಸ್ಟ್‌ನಲ್ಲಿ ಹಾಗೆ ಬಂದ ಪ್ರವಾಹದಲ್ಲಿ ಚಾರಣಿಗರೊಬ್ಬರು ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು, ಉಳಿದವರನ್ನು ಹೆಲಿಕಾಪ್ಟರ್‌ಗಳಲ್ಲಿ ಮೇಲೆತ್ತಬೇಕಾಯಿತು. 2008ರ ಆಗಸ್ಟ್‌ನಲ್ಲಿ ಬಂದ ಪ್ರವಾಹವಂತೂ ಹೊಳೆಯ ಪಾತ್ರವನ್ನೇ ಬದಲಿಸಿತು: ಹಳ್ಳಿ ಮತ್ತು ಶಿಬಿರದ ನಡುವಿದ್ದ ನವಾಹೊ ಜಲಪಾತ ಒಣಗಿತು, ಪಕ್ಕದಲ್ಲೇ ಹೊಸ ಜಲಪಾತಗಳು ಹುಟ್ಟಿದವು. ಹಿಂದಿನ ದಿನ ಆ ಒಣಗೋಡೆಯ ಮುಂದೆ ನಿಂತಾಗ ನನಗೆ ನೆನಪಾದದ್ದು 2018ರ ಆಗಸ್ಟ್. ಮಕ್ಕಂದೂರಿನ ಬಳಿ ನಮ್ಮ ನೆಂಟರ ಗದ್ದೆಯ ಮೇಲೆ ಬೆಟ್ಟವೇ ಕುಸಿದು ಬಂದು ಕೂತಿತ್ತು. ಅಲ್ಲಿದ್ದ ತೋಡು ಎಲ್ಲಿ ಹರಿಯುತ್ತಿತ್ತೆಂದು ಇಂದು ತೋರಿಸುವುದು ಕಷ್ಟ. ನೋಡಲು ಬಂದವರು ಹೊಸ ಜಲಪಾತವನ್ನು ಮೆಚ್ಚಿ ಹೋಗುತ್ತಾರೆ. ಅಲ್ಲಿ ಬದುಕುವವರಿಗೆ ಹೋದದ್ದೇನೆಂದು ಗೊತ್ತಿರುತ್ತದೆ.

ಮೂನಿಯ ಬುಡಕ್ಕೆ ಬಂದಾಗ ಸಂಜೆ ಐದೂವರೆ. ದಿನದ ನಿಜವಾದ ಏರಿಕೆ ಅಲ್ಲೇ ಕಾದಿತ್ತು. ನಾನು ಹದಿನೈದು ನಿಮಿಷ ಕುಳಿತು, ಉಪ್ಪುನೀರು ಕುಡಿದು, ಮಂಡಿಗೆ ಪಟ್ಟಿ ಸುತ್ತಿಕೊಂಡೆ. ಇಳಿಯುವಾಗಿನ ಭಯ ಹತ್ತುವಾಗ ಇರಲಿಲ್ಲ, ಆದರೆ ತೋಳುಗಳು ನಡುಗುತ್ತಿದ್ದವು. ಕೊನೆಯ ಸುರಂಗದಲ್ಲಿ ಅವನು ಮೇಲಿನಿಂದ ಕೈ ಕೊಟ್ಟ, ನಾನು ಸಂಕೋಚವಿಲ್ಲದೆ ಹಿಡಿದೆ.

ಶಿಬಿರದ ಬಳಿಯ ಬುಗ್ಗೆಯಲ್ಲಿ ಬಾಟಲಿ ತುಂಬುತ್ತಾ ನಿಂತಾಗ ಅವನು ಈ ನೆಲದ ಕಥೆಯನ್ನು ಹೇಳಿದ. ಜಲಪಾತಗಳಿರುವ ಈ ಜಾಗವೂ ಬಹುಕಾಲ ಹವಾಸುಪೈ ಜನರ ಕೈಯಲ್ಲಿರಲಿಲ್ಲ. 1975ರಲ್ಲಿ ಅಮೆರಿಕದ ಸಂಸತ್ತು ಸುಮಾರು 1,85,000 ಎಕರೆಯನ್ನು ಅವರಿಗೆ ಮರಳಿಸಿತು. ಈಗ ಮೇಲಿನ ಪ್ರಸ್ಥಭೂಮಿಯ ಯುರೇನಿಯಂ ಗಣಿಗಾರಿಕೆಯನ್ನು ಅವರು ವಿರೋಧಿಸುತ್ತಿದ್ದಾರೆ. ಬುಗ್ಗೆಯ ನೀರು ಬರುವುದು ಆ ನೆಲದಡಿಯಿಂದ; ಅದು ಕೆಟ್ಟರೆ ಅವರಿಗೆ ಬೇರೆ ನೀರಿಲ್ಲ. ಬಾಟಲಿಯನ್ನು ನಾನು ತುಳುಕದಂತೆ ಮುಚ್ಚಿದೆ.

ಆ ದಿನ ತೊಟ್ಟಿದ್ದ ಬೂಟುಗಳನ್ನು ಮಡಿಕೇರಿಗೆ ತಂದಿದ್ದೇನೆ. ಹೊಲಿಗೆಗಳ ನಡುವೆ ಬಿಳಿ ಸುಣ್ಣ ಕೂತಿದೆ. ಜೂನ್, ಜುಲೈ ಎರಡು ತಿಂಗಳ ಮಳೆಯಲ್ಲಿ ತೋಟಕ್ಕೆ ಹಾಕಿಕೊಂಡು ಹೋದರೂ ಅದು ಬಿಟ್ಟಿಲ್ಲ.